ಬಿ ಕೋಶಗಳಿಲ್ಲದ ಮೈಗೆ ಹೊಸ ವೈರಾಣು

2020ರಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. ‘ಇಮ್ಯುನಿಟಿ ಹೆಚ್ಚಿಸಿಕೊಳ್ಳಿ’ ಎಂದು ಕಂಡವರೆಲ್ಲ ಹೇಳಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರು ಈ ಉಪದೇಶ ಕೇಳಿ ನಕ್ಕಿರಬೇಕು. ಅವರನ್ನು ಕಾಡುವುದೇ ದಾರಿ ತಪ್ಪಿದ ಇಮ್ಯುನಿಟಿ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಇರುವಂತೆ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಮೈ ಕಾಯಬೇಕಾದ ಕೋಶಗಳೇ ಮಿದುಳು, ಬೆನ್ನುಹುರಿಗೆ ನುಗ್ಗಿ ಅದನ್ನು ಹಾಳುಮಾಡುತ್ತವೆ. ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ. ಚಿಕಿತ್ಸೆಯೆಂದರೆ ಆ ಕೋಶಗಳನ್ನು ಹತ್ತಿಕ್ಕುವುದು. ಹಾಗಾಗಿ ಕೊರೊನಾ ಬಂದಾಗ ಔಷಧ ನಿಲ್ಲಿಸಿದರೆ ನರಕ್ಕೆ ಪೆಟ್ಟು, ಮುಂದುವರಿಸಿದರೆ ಜೀವಕ್ಕೇ ಅಪಾಯ ಎಂಬ ಇಕ್ಕಟ್ಟು.

ಈ ಭಯ ಅರ್ಧ ಮಾತ್ರ ನಿಜವಾಯಿತು. ಫ್ರಾನ್ಸಿನಲ್ಲಿ ಇಂಥ 347 ಕೋವಿಡ್ ರೋಗಿಗಳನ್ನು ಗಮನಿಸಿದಾಗ, ಸೋಂಕು ಬಿಗಡಾಯಿಸಿದ್ದು ಹೆಚ್ಚಾಗಿ ವಯಸ್ಸಾದವರಲ್ಲಿ, ಬೊಜ್ಜಿದ್ದವರಲ್ಲಿ, ಅಂಗವೈಕಲ್ಯ ತೀವ್ರವಾಗಿದ್ದವರಲ್ಲಿ. ಔಷಧಗಳನ್ನೆಲ್ಲ ಒಟ್ಟಿಗೆ ದೂರುವಂತಿರಲಿಲ್ಲ. ಆಮೇಲೆ ಇಟಲಿಯ ದಾಖಲೆಗಳು ಒಂದು ಗುಂಪಿನತ್ತ ಬೊಟ್ಟು ಮಾಡಿದವು: ರಿಟುಕ್ಸಿಮ್ಯಾಬ್, ಓಕ್ರೆಲಿಜುಮ್ಯಾಬ್.

ಡ್ರಿಪ್ ಮೂಲಕ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಕೊಡುವ ಔಷಧಗಳಿವು. ಮೈ ಕಾಯುವ ಕೋಶಗಳಲ್ಲೇ ಒಂದು ಬಗೆಯಾದ ಬಿ ಕೋಶಗಳ ಮೈಮೇಲಿರುವ ಸಿಡಿ20 ಎಂಬ ಪ್ರೋಟೀನನ್ನು ಹಿಡಿದು ಆ ಕೋಶಗಳನ್ನೇ ಅಳಿಸುತ್ತವೆ. ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳ ಮೇಲೆ ಸಿಡಿ20 ಇಲ್ಲ, ಅವು ಬಚಾವ್. ಬಾಲ್ಯದಲ್ಲಿ ಹಾಕಿಸಿಕೊಂಡ ದಡಾರ ಲಸಿಕೆಯ ಫಲ ಹೀಗೆ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಆದರೆ ಪ್ಲಾಸ್ಮಾ ಕೋಶಗಳು ಹುಟ್ಟುವುದು ಬಿ ಕೋಶಗಳಿಂದಲೇ. ಹಳೆಯ ಶತ್ರುಗಳಿಗೆ ದಾಸ್ತಾನು ಇದೆ, ಹೊಸಬನಿಗೆ ತಯಾರಿಕೆಯೇ ಬಂದ್. ಕೊರೊನಾ ಆ ಹೊಸಬ.

ಲಸಿಕೆ ಬಂದ ಮೇಲೂ ಇದೇ ತೊಡಕು. ಎರಡು ಡೋಸ್ ಹಾಕಿಸಿಕೊಂಡು ರಕ್ತ ಪರೀಕ್ಷೆ ಮಾಡಿಸಿದರೆ ಅನೇಕರಲ್ಲಿ ಪ್ರತಿಕಾಯವೇ ಕಾಣಲಿಲ್ಲ. ಲಸಿಕೆ ವ್ಯರ್ಥವಾಯಿತೆಂದು ಕೈಚೆಲ್ಲಲು ಇಷ್ಟು ಸಾಕು. ಆದರೆ ಆ ಪರೀಕ್ಷೆ ಟಿ ಕೋಶಗಳ ಲೆಕ್ಕ ಹಿಡಿಯುವುದಿಲ್ಲ. ಸೋಂಕಿತ ಕೋಶಗಳನ್ನು ಹುಡುಕಿ ಕೊಲ್ಲುವ ಈ ಪಡೆ ಅವರಲ್ಲೂ ಚೆನ್ನಾಗಿಯೇ ಎದ್ದುನಿಂತಿದ್ದನ್ನು 2021ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸೋಂಕು ತಡೆಯಲು ಅದು ಸಾಲದಿರಬಹುದು, ಆದರೆ ಕಾಯಿಲೆ ಉಲ್ಬಣಿಸದಂತೆ ಹಿಡಿಯಲು ನೆರವಾಗುತ್ತದೆ. ಫಿಂಗೋಲಿಮಾಡ್ ಎಂಬ ಮಾತ್ರೆ ನುಂಗುವವರಿಗೆ ಆ ಸಮಾಧಾನವೂ ಕಡಿಮೆ. ಅದು ಬಿ, ಟಿ ಎರಡನ್ನೂ ದುಗ್ಧಗ್ರಂಥಿಗಳಲ್ಲಿ ಕೂಡಿಹಾಕುತ್ತದೆ.

ಹೀಗಾಗಿ ನರರೋಗ ತಜ್ಞರಿಗೆ ಕ್ಯಾಲೆಂಡರೇ ಒಂದು ಔಷಧವಾಯಿತು. ಕಾಯಿಲೆ ಹತೋಟಿಯಲ್ಲಿದ್ದವರಿಗೆ ಡ್ರಿಪ್ ಕೆಲವು ವಾರ ಮುಂದೂಡಿ, ಬಿ ಕೋಶಗಳು ತುಸು ತಲೆಯೆತ್ತಿದ ಹೊತ್ತಿಗೆ ಲಸಿಕೆ ಕೊಡತೊಡಗಿದರು. ಕಾಯಿಲೆ ಕೆರಳಿದ್ದವರಿಗೆ ಮೊದಲು ಡ್ರಿಪ್, ಲಸಿಕೆ ಆಮೇಲೆ.