ನಮ್ಮ ಹೇಂಟೆ ‘ಕೊಕ್ಕೊರೊಕೋ’ ಅಂದಾಗ...

ಬೆಳಗಿನ 5 ಗಂಟೆಗೆ ಹಿತ್ತಿಲಿನಿಂದ ‘ಕೊಕ್ಕೊರೊಕೋ’ ಎಂದು ಕೇಳಿಸಿತು. ಯಾರದೋ ಹುಂಜ ಕಾಂಪೌಂಡು ಹಾರಿ ಬಂದಿರಬೇಕು ಅಂದುಕೊಂಡೆ. ಏಕೆಂದರೆ ನಮ್ಮ ಮನೆಯಲ್ಲಿ ಹುಂಜ ಇರಲೇ ಇಲ್ಲ.

ಊರಿನಿಂದ ತಂದ ನಾಲ್ಕು ನಾಟಿ ಕೋಳಿಗಳಲ್ಲಿ ಒಂದು ಹುಂಜವಾಗಿತ್ತು. 30×40 ಅಳತೆಯ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುವ ಬೆಂಗಳೂರಿನ ಬೀದಿ ನಮ್ಮದು. ಅಕ್ಕಪಕ್ಕದವರಿಗೆ ತೊಂದರೆ ಬೇಡವೆಂದು ತಿಂಗಳ ಹಿಂದೆಯೇ ಅದನ್ನು ಊರಿಗೆ ವಾಪಸ್ ಕಳಿಸಿದ್ದೆವು. ಉಳಿದದ್ದು ಮೂರು ಹೇಂಟೆಗಳು ಮಾತ್ರ. ಟಾರ್ಚ್ ಹಿಡಿದು ಹೋಗಿ ನೋಡಿದರೆ, ಗೂಡಿನೊಳಗೆ ಕತ್ತು ಉದ್ದ ಮಾಡಿ, ಎದೆ ಉಬ್ಬಿಸಿ ಕೂಗುತ್ತಿದ್ದದ್ದು ನಮ್ಮ ಚುಕ್ಕಿ! ವಾರಕ್ಕೆ ನಾಲ್ಕೈದು ಮೊಟ್ಟೆ ಇಡುವ ಅದೇ ಚುಕ್ಕಿ.

ಐದನೇ ಕ್ಲಾಸಿನ ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ. “ಹೇಂಟೆ ಕೂಗಿದ್ರೆ ಮನೆಗೆ ಆಗಿಬರಲ್ಲ ಕಣಮ್ಮ. ನಮ್ಮೂರಲ್ಲಿ ಅಂಥದ್ದನ್ನ ಅವತ್ತೇ ಕೊಯ್ದುಬಿಡೋರು,” ಎಂದರು. ಮಗಳ ನಗು ಅಲ್ಲಿಗೇ ನಿಂತಿತು.

ನಾಲ್ಕನೇ ದಿನ ಪಕ್ಕದ ಮನೆಯ ಹುಡುಗ ಬಾಗಿಲು ತಟ್ಟಿದ. ರಾತ್ರಿ ಪಾಳಿ ಮುಗಿಸಿ ಮೂರೂವರೆಗೆ ಮಲಗುವವನು. ಕಣ್ಣು ಕೆಂಪಗಾಗಿದ್ದವು. “ಆಂಟಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಗೂಡು ಸರಿಯಾಗಿ ನನ್ನ ಕಿಟಕಿ ಕೆಳಗೇ ಇದೆ. ನಾಲ್ಕು ದಿನದಿಂದ ನಿದ್ದೆಯಿಲ್ಲ.” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿಯೆಂದೇ ಲೆಕ್ಕ.

ಒಂದು ವಾರ ಟೈಮು ಕೊಡು ಎಂದು ಕೇಳಿಕೊಂಡೆ. ಒಳಗೆ ಬಂದರೆ ಮಗಳು ಚುಕ್ಕಿಯನ್ನು ತಬ್ಬಿಕೊಂಡು ಕೂತಿದ್ದಳು.

ಹೇಂಟೆ ಕೂಗುವುದೇಕೆ?

ಮರುದಿನವೇ ಚುಕ್ಕಿಯನ್ನು ಮಂಕರಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಹೋದೆವು. “ಮೊಟ್ಟೆ ಇಡುತ್ತಿದೆಯೇ?” ಎಂಬುದೇ ಅವರ ಮೊದಲ ಪ್ರಶ್ನೆ. ಅದಕ್ಕೆ ಕಾರಣವಿದೆ.

ಹೇಂಟೆಯ ಹೊಟ್ಟೆಯೊಳಗೆ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮಾತ್ರ ಬೆಳೆದು ಕೆಲಸ ಮಾಡುತ್ತದೆ. ಬಲಗಡೆಯದು ಬೆಳೆಯದೆ ಮುದುಡಿಕೊಂಡಿರುತ್ತದೆ. ಕಾಯಿಲೆಯಿಂದಲೋ ಗಡ್ಡೆಯಿಂದಲೋ ಎಡಗಡೆಯದು ಕೆಟ್ಟರೆ, ಅಪರೂಪಕ್ಕೆ ಬಲಗಡೆಯದು ಬೆಳೆದು ಗಂಡು ಹಾರ್ಮೋನು ಸುರಿಸತೊಡಗುತ್ತದೆ. ಆಗ ಮೊಟ್ಟೆ ನಿಲ್ಲುತ್ತದೆ. ಜುಟ್ಟು ದೊಡ್ಡದಾಗುತ್ತದೆ. ಹುಂಜದಂಥ ಗರಿ ಮೂಡಬಹುದು, ಕೂಗಲೂಬಹುದು.

ಚುಕ್ಕಿಗೆ ಅಂಥದ್ದೇನೂ ಇರಲಿಲ್ಲ. ಕಾರಣ ಇನ್ನೊಂದು: ಹುಂಜವಿಲ್ಲದ ಹಿಂಡಿನಲ್ಲಿ ಕೆಲವೊಮ್ಮೆ ಜೋರಿನ ಹೇಂಟೆಯೇ ಯಜಮಾನಿಕೆ ವಹಿಸಿಕೊಂಡು ಕೂಗಲು ಶುರುಮಾಡುತ್ತದೆ. ಹುಂಜವನ್ನು ಊರಿಗೆ ಕಳಿಸಿದವರು ನಾವೇ ತಾನೆ!

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೊಂದು ಕಟ್ಟುನಿಟ್ಟಿನ ಸಾಲಿದೆ. ಇದನ್ನು 1920ರ ದಶಕದ ಆರಂಭದಲ್ಲಿ ಜಗತ್ತಿಗೆ ತಿಳಿಸಿದವರು ನಾರ್ವೆಯ ಥೋರ್ಲೈಫ್ ಷೆಲ್ಡರುಪ್-ಎಬ್ಬೆ. ಮಕ್ಕಳೇ, ಕೇಳಿ: ಅವರು ಕೋಳಿಗಳನ್ನು ಗಮನಿಸಿ ಬರೆದಿಡಲು ಶುರುಮಾಡಿದ್ದು ಚಿಕ್ಕ ಹುಡುಗನಾಗಿದ್ದಾಗಲೇ.

ಈ ಕಥೆ ಕೇಳಿದ್ದೇ ಮಗಳೂ ಒಂದು ನೋಟ್‌ಬುಕ್ ಹಿಡಿದಳು.

ನೋಟ್‌ಬುಕ್ ಹೇಳಿದ್ದು

ಐದು ದಿನ ಅಲಾರಂ ಇಟ್ಟು ಎದ್ದು ಬರೆದಳು. ಹೆಚ್ಚಿನ ಕೂಗು 5ರಿಂದ ಆರೂವರೆಯೊಳಗೆ. ಹಿಂದಿನ ಮನೆಯವರು ಹಿತ್ತಿಲ ದೀಪ ಹಾಕಿದಾಗ ಒಂದು ಸಲ, ಹಾಲಿನ ಗಾಡಿ ಬಂದಾಗ ಇನ್ನೊಂದು ಸಲ. ಹೊರಗೆ ಬಿಟ್ಟು ಕಾಳು ಹಾಕಿದರೆ ಸದ್ದಿಲ್ಲ.

ದೀಪದ ಬೆಳಕು ಬೀಳದಂತೆ ಗೂಡಿನ ಬಾಯಿಯನ್ನು ಬೀದಿಯ ಕಡೆಯ ಖಾಲಿ ಗೋಡೆಗೆ ತಿರುಗಿಸಿದೆವು. ಹುಡುಗನ ಕಿಟಕಿಯ ಕೆಳಗಿನಿಂದ ಎತ್ತಿ, ಆ ತುದಿಯ ನುಗ್ಗೆಮರದ ಬುಡಕ್ಕೆ ಸಾಗಿಸಿದೆವು. ಗಾಳಿಯಾಡಲು ಮೇಲೆ ಸಂದು ಬಿಟ್ಟು, ಮೂರು ಕಡೆ ದಪ್ಪ ಗೋಣಿ ಇಳಿಬಿಟ್ಟೆವು. ಆರೂವರೆಗೆ ಬಾಗಿಲು ತೆಗೆದ ಕೂಡಲೇ ನುಚ್ಚು, ಸೊಪ್ಪು.

ಕೂಗು ಪೂರ್ತಿ ನಿಲ್ಲಲಿಲ್ಲ. ನಿಲ್ಲುವುದೂ ಕಷ್ಟ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ತೋರಿಸಿದಂತೆ, ಸದಾ ಮಂದ ಬೆಳಕಿರುವ ಕೋಣೆಯಲ್ಲಿಟ್ಟರೂ ಹುಂಜಗಳು ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೂಗುತ್ತವೆ. ಅವುಗಳ ಮೈಯೊಳಗೇ ಗಡಿಯಾರವಿದೆ. ಬೆಳಕು, ಬೇರೆ ಕೋಳಿಯ ಕೂಗು ಅದರ ಮೇಲೆ ಸೇರಿಕೊಳ್ಳುತ್ತವೆ. ಆದರೂ ಚುಕ್ಕಿಯ ಹತ್ತು-ಹನ್ನೆರಡು ಕೂಗು ಎರಡು-ಮೂರಕ್ಕೆ ಇಳಿಯಿತು. ಅದೂ ದೂರದ ಮೂಲೆಯಿಂದ, ಗೋಣಿಯ ಒಳಗಿನಿಂದ.

ವಾರ ಕಳೆದ ಮೇಲೆ ಮಗಳೇ ಹೋಗಿ ಕೇಳಿದಳು, “ಅಣ್ಣಾ, ಈಗ ನಿದ್ದೆ ಬರುತ್ತಾ?” “ಕೇಳತ್ತೆ, ಆದ್ರೆ ಎಚ್ಚರ ಆಗಲ್ಲ ಪುಟ್ಟಿ,” ಎಂದನಂತೆ.

ಅಪಶಕುನದ ಮಾತು

ಅತ್ತೆಯ ಭಯ ನಮ್ಮ ಊರಿನದಷ್ಟೇ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1474ರಲ್ಲಿ ಮೊಟ್ಟೆ ಇಟ್ಟಿತೆಂಬ ಆಪಾದನೆಯ ಮೇಲೆ ಒಂದು ‘ಹುಂಜ’ವನ್ನು ವಿಚಾರಣೆ ಮಾಡಿ ಸುಟ್ಟೇಬಿಟ್ಟರು! ಅದೂ ಹುಂಜದ ರೂಪ ತಾಳಿದ ಹೇಂಟೆಯೇ ಆಗಿದ್ದಿರಬಹುದು. ಕಾರಣ ತಿಳಿಯದಾಗ ಹುಟ್ಟುವ ಹೆದರಿಕೆಗೆ ಪಾಪದ ಪ್ರಾಣಿಗಳೇ ಬಲಿ.

ಅತ್ತೆಯೊಂದಿಗೆ ನಾವು ವಾದ ಮಾಡಲಿಲ್ಲ. ವೈದ್ಯರು ಹೇಳಿದ್ದನ್ನು ಮಗಳು ಚಿತ್ರ ಬರೆದು ವಿವರಿಸಿದಳು. ಅತ್ತೆ ಏನೂ ಹೇಳಲಿಲ್ಲ. ಮೊನ್ನೆ ಮೊಟ್ಟೆ ಎತ್ತಿಕೊಂಡು ಬಂದವರು, ತನ್ನ ಕೋಳಿ ಕೂಗದಿದ್ದರೆ ಬೆಳಗಾಗದೆಂದು ನಂಬಿದ್ದ ಮುದುಕಿಯ ಕಥೆಯನ್ನು ಮೊಮ್ಮಗಳಿಗೆ ಹೇಳುತ್ತಿದ್ದರು. ಕೊನೆಗೆ ಒಂದು ಮಾತು ಸೇರಿಸಿದರು: “ಕೂಗಿದ್ರೂ ಬೆಳಗಾಗತ್ತೆ, ಕೂಗದಿದ್ರೂ ಬೆಳಗಾಗತ್ತೆ. ಇರಲಿ ಬಿಡು ಅದು.”

ನಿಮ್ಮ ಹೇಂಟೆ ಕೂಗಿದರೆ

• ಮೊಟ್ಟೆ ನಿಂತಿದೆಯೇ, ಜುಟ್ಟು ದೊಡ್ಡದಾಗಿದೆಯೇ, ಮಂಕಾಗಿದೆಯೇ ಎಂದು ನೋಡಿ. ಹೌದಾದರೆ ಪಶುವೈದ್ಯರಿಗೆ ತೋರಿಸಿ.
• ಮೊಟ್ಟೆ ಇಟ್ಟ ಮೇಲಿನ ‘ಕೊಕ್ಕೊಕ್ಕೋ’ ಗಲಾಟೆ ಬೇರೆ. ಅದು ತಾನಾಗಿ ನಿಲ್ಲುತ್ತದೆ.
• ಕೂಗುವ ಹೊತ್ತು, ಸಂದರ್ಭ ಬರೆದಿಡಿ. ಉಪಾಯ ಅಲ್ಲೇ ಸಿಗುತ್ತದೆ.
• ಗೂಡು ಕತ್ತಲಾಗಿರಲಿ, ಆದರೆ ಗಾಳಿ ಕಟ್ಟಬಾರದು.
• ಕೂಗದಿರಲೆಂದು ಕತ್ತಿಗೆ ದಾರ, ಪಟ್ಟಿ ಕಟ್ಟಬೇಡಿ. ಉಸಿರು ಕಟ್ಟಿ ಸಾಯಬಹುದು.
• ಪಕ್ಕದ ಮನೆಯವರು ಬಂದು ಹೇಳುವ ಮುಂಚೆ ನೀವೇ ಹೋಗಿ ಕೇಳಿ.