ಕಂಪನಿ ಹೋಯ್ತು, ಬೋರ್ಡ್ ಯಾಕೆ ಉಳೀತು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಇದರಲ್ಲಿ ಯಾವ ಊರಲ್ಲಿ ಬಸ್ ಇಳಿದರೂ ಒಂದು ಕೆಲಸ ಮಾಡಿ. ಇಯರ್‌ಫೋನ್ ಕಿವಿಯಲ್ಲೇ ಇರಲಿ, ಕಣ್ಣು ಮಾತ್ರ ಅಂಗಡಿ ಸಾಲಿನ ಮೇಲಿರಲಿ. ಏರ್‌ಸೆಲ್, ಟಾಟಾ ಡೊಕೊಮೊ, ಯುನಿನಾರ್, ಅದೃಷ್ಟ ಇದ್ರೆ ಒಂದು ಸ್ಪೈಸ್. ಬೋರ್ಡಲ್ಲಿ ಮೊಬೈಲ್ ಕಂಪನಿ, ಕೆಳಗೆ ಕೋಳಿ ಅಂಗಡಿ ಅಥವಾ ಟೈಲರ್. ಕಾಕನಕೋಟೆ ಕಾಡಿನ ಕಡೆ ಹೋದಷ್ಟೂ ಇಂಥವು ಜಾಸ್ತಿ ಸಿಗ್ತವೆ ಅಂತ ನನ್ನ ಲೆಕ್ಕ.

ಇವು ಹೋದ ಕಥೆ ಬೇಗ ಮುಗಿಸ್ತೀನಿ. ಸ್ಪೈಸ್ 2008ರಲ್ಲಿ ಐಡಿಯಾ ಪಾಲಾಯ್ತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 ಟೆಲಿಕಾಂ ಲೈಸೆನ್ಸ್ ರದ್ದು ಮಾಡಿತು, ಅದೇ ವರ್ಷ ಯುನಿನಾರ್ ಕರ್ನಾಟಕ ಬಿಟ್ಟಿತು. 2016ರಲ್ಲಿ ಜಿಯೋ ಬಂತು. 2018ರಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. 2019ರ ಜುಲೈನಲ್ಲಿ ಡೊಕೊಮೊ ಗ್ರಾಹಕರು ಏರ್‌ಟೆಲ್‌ಗೆ ಸೇರಿಹೋದರು.

ಸರಿ, ಬೋರ್ಡ್ ಯಾಕೆ ಉಳೀತು?

ದೊಡ್ಡ ಊರಿನ ಚೈನ್ ಅಂಗಡಿ ಜೊತೆ ಹೋಲಿಸಿ ನೋಡಿ. ಬಿಗ್ ಬಜಾರ್ ಮುಳುಗಿದಾಗ, 2022ರಲ್ಲಿ, ಅದರ ನೂರಾರು ಮಳಿಗೆಗಳನ್ನ ರಿಲಯನ್ಸ್ ವಶಕ್ಕೆ ತಗೊಂಡಿತು. ಬಾಡಿಗೆ ಕರಾರು ಆಗಲೇ ರಿಲಯನ್ಸ್ ಹೆಸರಲ್ಲಿತ್ತು. ಜಾಗ ಬೇಕಾದವರು ಇದ್ದರು, ಹಾಗಾಗಿ ಹಳೇ ಬೋರ್ಡ್ ಇಳೀತು, ಸ್ಮಾರ್ಟ್ ಬಜಾರ್ ಅಂತ ಏರಿತು. ಅದಕ್ಕೂ ಮುಂಚೆ, 2009ರಲ್ಲಿ, ಚೆನ್ನೈನ ಸುಭಿಕ್ಷಾ ಸುಮಾರು 1,600 ಅಂಗಡಿಗಳ ಬಾಗಿಲು ಹಾಕಿತು. ಅಲ್ಲೂ ಬಾಡಿಗೆ ಬಾರದೆ ಕೂತ ಕಟ್ಟಡದ ಮಾಲೀಕರಿಗೆ ಹೊಸ ಬಾಡಿಗೆದಾರ ಬೇಕೇ ಬೇಕಿತ್ತು.

ನಮ್ಮ ಊರುಗಳಲ್ಲಿ ಹಾಗಲ್ಲ. ಅಂಗಡಿ ಯಾವತ್ತೂ ಕಂಪನಿಯದಾಗಿರಲೇ ಇಲ್ಲ. ಡಿಸ್ಟ್ರಿಬ್ಯೂಟರ್ ಕಡೆ ಹುಡುಗ ಬಂದು, "ಅಣ್ಣ, ಬೋರ್ಡ್ ಫ್ರೀ, ನಿಮ್ಮ ಅಂಗಡಿ ಹೆಸರೂ ಹಾಕಿಸ್ತೀವಿ" ಅಂತಿದ್ದ. ಕಬ್ಬಿಣದ ಫ್ರೇಮ್, ಅದಕ್ಕೆ ಬಿಗಿದ ಫ್ಲೆಕ್ಸ್, ಒಳಗೆ ಟ್ಯೂಬ್‌ಲೈಟ್. ಮುಕ್ಕಾಲು ಭಾಗ ಕಂಪನಿ ಹೆಸರು, ಮೂಲೆಯಲ್ಲಿ ಅಂಗಡಿ ಹೆಸರು. ಅಂದ್ರೆ ಕಂಪನಿಗೆ ಬಾಡಿಗೆ ಇಲ್ಲದ ಜಾಹೀರಾತು. ಟ್ಯೂಬ್‌ಲೈಟ್ ಕರೆಂಟ್ ಬಿಲ್ಲೂ ಅಂಗಡಿಯವರದ್ದೇ! ಕಂಪನಿ ಹೋದಮೇಲೆ ಅದನ್ನ ಇಳಿಸೋದು ಯಾರ ಕೆಲಸವೂ ಅಲ್ಲ. ಫ್ರೇಮ್ ಇನ್ನೂ ಗಟ್ಟಿಯಾಗಿದೆ. ನಮ್ಮ ಸೋದರಮಾವನ ಅಂಗಡಿ ಮೇಲೂ ಒಂದಿದೆ. ಕಳಚೋಣ್ವಾ ಮಾವ ಅಂದ್ರೆ, "ಬುಡು ಮಗ, ಮಳೆ ಎರಚಲು ತಡೀತದೆ" ಅಂತಾರೆ.

ಆ ಅಂಗಡಿಯಲ್ಲಿ ಉಳಿದದ್ದು ಬೋರ್ಡ್ ಒಂದೇ ಅಲ್ಲ, ರೀಚಾರ್ಜ್ ಬ್ಯಾಲೆನ್ಸೂ ಹಾಗೇ ಉಳೀತು. ಕಂಪನಿ ಹೆಸರು ಬೇಡ. ಅಂಗಡಿಯವರು ಮೊದಲೇ ದುಡ್ಡು ಕೊಟ್ಟು ಬ್ಯಾಲೆನ್ಸ್ ಹಾಕಿಸ್ಕೊಬೇಕು, 100 ರೂಪಾಯಿ ರೀಚಾರ್ಜ್ ಮಾಡಿದರೆ ಎರಡೋ ಮೂರೋ ರೂಪಾಯಿ ಸಿಗತ್ತೆ. ಟವರ್ ನಿಂತ ದಿನ ಆ ಬ್ಯಾಲೆನ್ಸ್ ಬರೀ ಸ್ಕ್ರೀನ್ ಮೇಲಿನ ನಂಬರ್.

ಬಿ.ಕಾಂ ಓದಿದ್ದು ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬರತ್ತೆ. 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ನಲ್ಲಿ, ಮುಳುಗಿದ ಕಂಪನಿ ಆಸ್ತಿ ಮಾರಿದ ಹಣ ಯಾರಿಗೆ ಮೊದಲು ಅಂತ ಸಾಲು ಇದೆ. ಪ್ರಕ್ರಿಯೆಯ ಖರ್ಚು ಮೊದಲು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳು. ಆಮೇಲೆ ಉಳಿದ ನೌಕರರು, ಅಡಮಾನ ಇಲ್ಲದೆ ಸಾಲ ಕೊಟ್ಟವರು, ಸರ್ಕಾರ. ಸರಕು-ಸೇವೆ ಕೊಟ್ಟು ಬಾಕಿ ಉಳಿಸ್ಕೊಂಡವರು ಇದೆಲ್ಲ ಆದ ಮೇಲೆ. ಅವರ ಹಿಂದೆ ಇರೋದು ಷೇರುದಾರರು ಮಾತ್ರ. ಅಷ್ಟು ಹೊತ್ತಿಗೆ ಪಾತ್ರೆ ತಳ ಕಾಣಿಸಿರತ್ತೆ.

ಇನ್ನೂ ಒಂದು ತೊಡಕು. ಅಂಗಡಿಯವರು ಆ ಸಾಲಿನಲ್ಲಿ ನಿಲ್ಲೋದೇ ಕಷ್ಟ. ದುಡ್ಡು ಕೊಟ್ಟದ್ದು ಡಿಸ್ಟ್ರಿಬ್ಯೂಟರ್‌ಗೆ, ಕಂಪನಿ ಜೊತೆ ಒಂದು ಕಾಗದವೂ ಇಲ್ಲ. ಬೋರ್ಡ್ ಮೇಲೆ ಅಷ್ಟು ದೊಡ್ಡದಾಗಿ ಹೆಸರು ಹಾಕಿದ ಕಂಪನಿಯ ಪುಸ್ತಕದಲ್ಲಿ ಮಾವನ ಹೆಸರೇ ಇರಲಿಕ್ಕಿಲ್ಲ. ಬಾಕಿ ಇರೋರು ಅರ್ಜಿ ಹಾಕಿ ಅಂತ ಪ್ರಕಟಣೆ ಬರತ್ತೆ ನಿಜ, ಆದರೆ ಸಾಮಾನ್ಯವಾಗಿ ಕಂಪನಿಯ ಮುಖ್ಯ ಕಚೇರಿ ಇರೋ ಊರಿನ ಪೇಪರ್‌ನಲ್ಲಿ. ಏರ್‌ಸೆಲ್ ಕೇಸು ನಡೆದದ್ದು ಮುಂಬೈನಲ್ಲಿ. ಪಿರಿಯಾಪಟ್ಟಣದ ಅಂಗಡಿಗೆ ಮುಂಬೈ ಪೇಪರ್ ಎಲ್ಲಿ ಬರತ್ತೆ?

ನಿಮ್ಮ ಮನೇಲಿ ಯಾರಾದ್ರೂ ರೀಚಾರ್ಜ್, ಹಣ ವರ್ಗಾವಣೆ ಅಂಗಡಿ ಇಟ್ಟಿದ್ರೆ ಇವತ್ತೇ ಎರಡು ವಿಷಯ ಹೇಳಿ. ಆ್ಯಪ್ ವಾಲೆಟ್‌ನಲ್ಲಿ ಒಂದೆರಡು ದಿನದ ವ್ಯಾಪಾರಕ್ಕೆ ಆಗೋಷ್ಟೇ ದುಡ್ಡು ಇಡಿ. ಹಾಕಿಸೋವಾಗ ನಗದು ಬೇಡ, ಬ್ಯಾಂಕ್ ಅಥವಾ ಯುಪಿಐ ಮೂಲಕ ಕಳಿಸಿ, ಬಿಲ್ ಕೇಳಿ. ಕ್ಲೇಮ್ ಹಾಕೋ ಕಾಲ ಬಂದರೆ ಬಿಲ್ಲು, ಖಾತೆ ವಿವರ ಬೇಕಾಗತ್ತೆ. ಪ್ರಕಟಣೆಗಳು ದಿವಾಳಿ ಮಂಡಳಿಯ, ಅಂದ್ರೆ ಐಬಿಬಿಐ ವೆಬ್‌ಸೈಟ್‌ನಲ್ಲೂ ಬರ್ತವೆ, ಅದನ್ನ ಫೋನಲ್ಲೇ ನೋಡಬಹುದು.