ಗರ್ಭಾವಸ್ಥೆಯಲ್ಲಿ ಥೈರಾಯ್ಡ್ ಕೊರತೆ

ಗರ್ಭಿಣಿಯ ಥೈರಾಯ್ಡ್ ಗ್ರಂಥಿಯು ಅಗತ್ಯವಿರುವಷ್ಟು ಹಾರ್ಮೋನನ್ನು ಸ್ರವಿಸದಿರುವ ಸ್ಥಿತಿಯೇ ಗರ್ಭಾವಸ್ಥೆಯ ಹೈಪೋಥೈರಾಯ್ಡಿಸಮ್. ಆಹಾರದಲ್ಲಿ ಅಯೋಡಿನ್ ಕೊರತೆ ಇದಕ್ಕೊಂದು ಕಾರಣ. ಮತ್ತೊಂದು, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹಾನಿಗೊಳಿಸುವ ಕಾಯಿಲೆ. ಇದನ್ನು 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಮೊದಲಿಗೆ ವಿವರಿಸಿದನು.

ಭ್ರೂಣದ ಸ್ವಂತ ಥೈರಾಯ್ಡ್ ಸುಮಾರು 12ನೆಯ ವಾರದ ಹೊತ್ತಿಗೆ ಕೆಲಸ ಆರಂಭಿಸುತ್ತದೆ. ಸಾಕಷ್ಟು ಹಾರ್ಮೋನ್ ತಯಾರಿಸಲು ಅದಕ್ಕೆ ಇನ್ನೂ ಹಲವು ವಾರಗಳು ಬೇಕು. ಅಲ್ಲಿಯವರೆಗೆ ಶಿಶುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ರಕ್ತದಿಂದ ಬರುವ ಥೈರಾಕ್ಸಿನ್ನೇ ಆಧಾರ. ಆದರೆ ಈ ಕೊರತೆಯ ಲಕ್ಷಣಗಳಾದ ಆಯಾಸ, ಮಲಬದ್ಧತೆ, ತೂಕದ ಹೆಚ್ಚಳ ಬಸಿರಿನಲ್ಲಿ ಸಹಜವಾಗಿಯೂ ಕಾಣುವಂಥವು. ಬಸುರಿಗೆ ಸುಸ್ತು ಇದ್ದದ್ದೇ ಎಂದು ಮನೆಯವರು ಸುಮ್ಮನಾಗುವುದುಂಟು. ಆದುದರಿಂದ ಮೊದಲ ತಪಾಸಣೆಯಲ್ಲಿಯೇ ಟಿ.ಎಸ್.ಎಚ್. ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಉಚಿತ.

ಚಿಕಿತ್ಸೆಯಿಲ್ಲದ ತೀವ್ರ ಕೊರತೆಯು ಗರ್ಭಪಾತ, ತಾಯಿಯ ರಕ್ತಹೀನತೆ ಮತ್ತು ಅಧಿಕ ರಕ್ತದೊತ್ತಡ, ಅವಧಿಪೂರ್ವ ಹೆರಿಗೆ, ಮಗುವಿನ ಕಡಿಮೆ ತೂಕ ಇವುಗಳ ಸಂಭವವನ್ನು ಹೆಚ್ಚಿಸುತ್ತದೆ. ಮಗುವಿನ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಬಹುದು.

ಚಿಕಿತ್ಸೆ ಸರಳವಾದುದು: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೆವೊಥೈರಾಕ್ಸಿನ್ ಮಾತ್ರೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಇದರೊಂದಿಗೆ ನುಂಗಿದರೆ ಔಷಧವು ರಕ್ತಕ್ಕೆ ಸರಿಯಾಗಿ ಸೇರದು. ನಡುವೆ 4 ಗಂಟೆಗಳ ಅಂತರವಿರಬೇಕು. ಮೊದಲಿನಿಂದ ಈ ಮಾತ್ರೆ ಸೇವಿಸುತ್ತಿದ್ದವರಿಗೆ ಬಸಿರು ನಿಂತೊಡನೆ ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಮಗುವಿಗೆ ಕೆಡುಕಾದೀತೆಂಬ ಭಯದಿಂದ ಮಾತ್ರೆ ಬಿಡುವುದೇ ನಿಜವಾದ ಅಪಾಯ. ಹೆರಿಗೆಯ ಬಳಿಕ ವೈದ್ಯರು ಪ್ರಮಾಣವನ್ನು ಮತ್ತೆ ತಗ್ಗಿಸುತ್ತಾರೆ. ಎದೆಹಾಲು ಉಣಿಸುವಾಗಲೂ ಇದನ್ನು ಸೇವಿಸಬಹುದು.